ಟರ್ಬೊ ಜೋಡಣೆಯೋ, ಎಂಜಿನ್ ಬದಲಾವಣೆಯೋ?

ಬನಶಂಕರಿಯ ಏರುರಸ್ತೆಯಲ್ಲಿ ಹಳೆಯ ಕಾರೊಂದು ಏದುಸಿರು ಬಿಡುವುದನ್ನು ನಾವು ಕಂಡಿದ್ದೇವೆ. ಇದಕ್ಕೆ ವಯಸ್ಸೊಂದೇ ಕಾರಣವಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಒತ್ತಡವು ಮಂಗಳೂರಿನದರ ಹತ್ತರಲ್ಲಿ ಒಂಬತ್ತು ಪಾಲು ಮಾತ್ರ. ಗಾಳಿ ಕಡಮೆಯಾದಂತೆ ಉರಿಸಬಹುದಾದ ಪೆಟ್ರೋಲೂ ಕಡಮೆ, ಶಕ್ತಿಯೂ ಕಡಮೆ.

ಗಾಳಿಯನ್ನು ಹೆಚ್ಚಿಸಲು ಎರಡು ದಾರಿಗಳುಂಟು. ಮೊದಲನೆಯದು ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟಿಗೆ ಒಪ್ಪಿಸಿದ ಕಲ್ಪನೆಯಿಂದ ಬೆಳೆದ ಈ ಸಾಧನದಲ್ಲಿ, ಹೊರಹೋಗುವ ಹೊಗೆಯು ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ಚಕ್ರವು ಗಾಳಿಯನ್ನು ಒತ್ತಿ ತುಂಬುತ್ತದೆ. ಎರಡನೆಯದು ದೊಡ್ಡ ಎಂಜಿನ್. 1.2 ಲೀಟರಿನ ಎಂಜಿನ್ನಿಗೆ ಒಂದೂವರೆ ಪಟ್ಟು ಗಾಳಿ ತುಂಬಿದರೆ, ಲೆಕ್ಕದಲ್ಲಿ ಅದು 1.8 ಲೀಟರಿನದಕ್ಕೆ ಸಮ.

ಆದರೆ ಅಂಗಡಿಯ ಬೆಲೆಯೊಂದೇ ವೆಚ್ಚವಲ್ಲ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿಯಾದ ಮಿಶ್ರಣವು ತಾನಾಗಿ ಸಿಡಿದು ಪಿಸ್ಟನ್ನನ್ನು ಕೆಡಿಸಬಹುದು. ಆದುದರಿಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಹೆಚ್ಚಿನ ಇಂಧನ, ಕೆಲವೊಮ್ಮೆ ಗಟ್ಟಿಯಾದ ಪಿಸ್ಟನ್ನುಗಳೂ ಬೇಕು. ದೊಡ್ಡ ಎಂಜಿನ್ನಾದರೋ ಹೊಸ ಆಧಾರಗಳು, ಗೇರ್‌ಬಾಕ್ಸ್, ವೈರಿಂಗ್ ಇವುಗಳನ್ನು ಬೇಡುತ್ತದೆ. ಎರಡಕ್ಕೂ ಬಲವಾದ ಬ್ರೇಕು ಅವಶ್ಯ.

ಹಾಗಾದರೆ ನಿರ್ಣಯವೇನು? ಮೊದಲು ಸಿಲಿಂಡರುಗಳ ಕಂಪ್ರೆಷನ್ ಪರೀಕ್ಷೆಯಾಗಲಿ. ಸವೆದ ಎಂಜಿನ್ನಿಗೆ ಟರ್ಬೊ ಹಾಕಿದವನು ಕಡೆಗೆ ಎರಡರ ವೆಚ್ಚವನ್ನೂ ತೆರಬೇಕಾದೀತು. ಕಾನೂನನ್ನೂ ನಾವು ಮರೆಯಲಾಗದು: ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ನಿರ್ಬಂಧಿಸುತ್ತದೆ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಆದಕಾರಣ ಇರುವ ಎಂಜಿನ್ನನ್ನು ಬಿಚ್ಚಿ, ಉಂಗುರಗಳನ್ನೂ ಕವಾಟಗಳನ್ನೂ ಸರಿಪಡಿಸಿ, ಕಳೆದುಹೋದ ಶಕ್ತಿಯನ್ನು ಮರಳಿ ಪಡೆಯುವುದೇ ಸಾಮಾನ್ಯರಿಗೆ ಎಲ್ಲಕ್ಕಿಂತ ಅಗ್ಗದ ದಾರಿ.