ಹುಲ್ಲುಹಾಸಿನ ಮೇಲೆ ಹುಲ್ಲು

ಮನೆಯ ಮುಂದಣ ಹುಲ್ಲುಹಾಸಿಗೆ ನಿತ್ಯವೂ ನೀರುಣಿಸಿ, ಹಿಡಿ ಸೊಪ್ಪನ್ನೂ ಪಡೆಯದ ವಾಚಕ ಮಹಾಶಯರಿಗೆ, ಅಮೆರಿಕದ ರೂತ್ ಸ್ಟೌಟ್ ಎಂಬ ಮಹಿಳೆ 1955ರ ತಮ್ಮ ಗ್ರಂಥದಲ್ಲಿ ನಿರೂಪಿಸಿದ, ಅಗೆಯುವ ಶ್ರಮವಿಲ್ಲದ ಒಣಹುಲ್ಲಿನ ಹೊದಿಕೆಯ ಕ್ರಮವು ಉಪಾದೇಯವಾಗಿದೆ. ಹುಲ್ಲನ್ನು ನೆಲಮಟ್ಟಕ್ಕೆ ಸವರಿ, ಸಗಣಿಯ ಬಗ್ಗಡವನ್ನೆರಚಿ, ಹಳೆಯ ವೃತ್ತಪತ್ರಿಕೆಗಳನ್ನು ಅಂಚಿನ ಮೇಲೆ ಅಂಚು ಬರುವಂತೆ ನಾಲ್ಕಾರು ಪದರ ಹಾಸಿ ತೋಯಿಸಿ, ಅದರ ಮೇಲೆ 8 ಅಂಗುಲ ದಪ್ಪಕ್ಕೆ ಭತ್ತದ ಹುಲ್ಲನ್ನು ಹರಡಿದರೆ, ಬೆಳಕು ಕಾಣದ ಹಾಸು ಅಡಿಯಲ್ಲಿಯೇ ಕೊಳೆತು ಎರೆಹುಳುಗಳಿಗೆ ಆಹಾರವಾಗುವುದು. ಆದರೆ ಗಣಪತಿಗೆ ಪ್ರಿಯವಾದ ಗರಿಕೆಯ ವಿಷಯದಲ್ಲಿ ಈ ಉಪಾಯವನ್ನು ಪೂರ್ಣವಾಗಿ ನಂಬಲಾಗದು. ಅದರ ಬಿಳಿಯ ಭೂಗತ ಕಾಂಡಗಳು ಕತ್ತಲಲ್ಲಿಯೇ ಹರಿದು ಅಂಚಿನಲ್ಲಿ ತಲೆಯೆತ್ತುವುದರಿಂದ, ಸುತ್ತಲೂ ಗೇಣಾಳದ ಕಿರುಗಾಲುವೆ ತೆಗೆದು, ಚಿಗುರು ಕಂಡಕಂಡಲ್ಲಿ ಬೇರುಸಹಿತ ಕೀಳುತ್ತಿರಬೇಕು. ಗೆದ್ದಲಿನ ಭಯವಿರುವಲ್ಲಿ ಹೊದಿಕೆಯನ್ನು ಒಣಗಗೊಡದೆ, ಗೋಡೆಯಿಂದ ಒಂದೆರಡು ಅಡಿ ದೂರದಲ್ಲಿರಿಸತಕ್ಕದ್ದು. ಮೊದಲ ವರ್ಷ ಗಜ್ಜರಿ, ಮೂಲಂಗಿಗಳ ಗೋಜು ಬೇಡ. ಹುಲ್ಲನ್ನು ಸರಿಸಿ, ಕಾಗದವನ್ನು ಸೀಳಿ, ಬೊಗಸೆ ಗೊಬ್ಬರವಿಟ್ಟು, ಬದನೆ, ಟೊಮೇಟೊ ಸಸಿಗಳನ್ನೋ ಕುಂಬಳದ ಬೀಜವನ್ನೋ ಊರಿರಿ. ಹೊದಿಕೆ ಕುಗ್ಗಿದಂತೆಲ್ಲ ಹೊಸ ಹುಲ್ಲನ್ನು ಸೇರಿಸಲು ಮಾತ್ರ ಮರೆಯದಿರಿ.