ಸೆಕೆಗೆ ದನ ಏದುಸಿರು ಬಿಡುವುದೇಕೆ? ನೀರಿನ ಜೊತೆ ಗಾಳಿಯೂ ಬೇಕು

ಏಪ್ರಿಲ್-ಮೇ ತಿಂಗಳಲ್ಲಿ ಹಾಲಿನ ಸೊಸೈಟಿಯಲ್ಲಿ ಕ್ಯಾನು ಹಿಡಿದು ನಿಂತರೆ ಕೇಳುವ ಮಾತು ಒಂದೇ. "ದಿನಕ್ಕೆ ನಾಲ್ಕು ಸಲ ಮೈಮೇಲೆ ನೀರು ಹೊಯ್ಯುತ್ತೇನೆ ಮಾರಾಯ್ರೆ, ಆದರೂ ಏದುಸಿರು ನಿಲ್ಲುವುದಿಲ್ಲ. ಹಾಲು ಎರಡು ಲೀಟರ್ ಇಳಿದಿದೆ." ಹಾಲು ಇಳಿದರೆ ಆ ವಾರದ ಬಿಲ್ಲು ಇಳಿಯುತ್ತದೆ, ಅಷ್ಟೇ. ಆದರೆ ಬೇಸಿಗೆಯಲ್ಲಿ ಬೆದೆ ಸರಿಯಾಗಿ ಕಾಣದೆ, ಕೊಟ್ಟ ಇಂಜೆಕ್ಷನ್ ನಿಲ್ಲದೆ ಹೋದರೆ ಮುಂದಿನ ಕರುವೇ ಆರೇಳು ತಿಂಗಳು ಹಿಂದೆ ಬೀಳುತ್ತದೆ. ಎರಡು ದನ ಸಾಕುವವನಿಗೆ ಅದು ದೊಡ್ಡ ನಷ್ಟ. ನೀರು ಹೊಯ್ದರೂ ದನ ಏಕೆ ತಣಿಯುವುದಿಲ್ಲ ಎಂಬುದನ್ನು ತಿಳಿಯಬೇಕಾದರೆ ದನದ ಮೈಯೊಳಗೆ ಬಿಸಿ ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ಹೊರಬೀಳುತ್ತದೆ ಎಂದು ಸ್ವಲ್ಪ ನೋಡಬೇಕು.

ದನ ಒಂದು ಉರಿಯುವ ಒಲೆ. ಅದರ ದೊಡ್ಡ ಹೊಟ್ಟೆಯಲ್ಲಿ ಹುಲ್ಲು ಹುದುಗುವಾಗ ಬಿಸಿ ಹುಟ್ಟುತ್ತದೆ, ನಮ್ಮ ಗೊಬ್ಬರದ ಗುಂಡಿಯಲ್ಲಿ ಹಸಿಸೊಪ್ಪು ಬಿಸಿಯಾಗುತ್ತದಲ್ಲ, ಹಾಗೆಯೇ. ಹೃದಯ, ಪಿತ್ತಕೋಶ, ಕೆಚ್ಚಲು ಕೆಲಸ ಮಾಡುವಾಗಲೂ ಬಿಸಿ. 400 ಕಿಲೋ ತೂಗುವ, ದಿನಕ್ಕೆ 10 ಲೀಟರ್ ಹಾಲು ಕೊಡುವ ಮಿಶ್ರತಳಿ ದನದ ಮೈಯಲ್ಲಿ ಹುಟ್ಟುವ ಬಿಸಿ ಸುಮಾರು 700 ವ್ಯಾಟ್. ಬಟ್ಟೆಗೆ ಹಾಕುವ ಇಸ್ತ್ರಿ ಪೆಟ್ಟಿಗೆಯನ್ನು ಹಗಲೂ ರಾತ್ರಿ ಆರಿಸದೆ ಇಟ್ಟ ಹಾಗೆ. ಲೆಕ್ಕಕ್ಕೆ ಗಂಟೆಗೆ 600 ಕಿಲೋ ಕ್ಯಾಲೊರಿ ಎಂದಿಟ್ಟುಕೊಳ್ಳಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾದಷ್ಟು ಬಿಸಿಯೇ ಒಂದು ಕಿಲೋ ಕ್ಯಾಲೊರಿ. ಹಾಲು ಹೆಚ್ಚಿದಷ್ಟೂ ಈ ಉರಿಯೂ ಹೆಚ್ಚು. ಸೆಕೆಗೆ ಮೊದಲು ಸೋಲುವುದು ಹಟ್ಟಿಯ ಅತಿ ಒಳ್ಳೆಯ ದನ ಎಂಬುದಕ್ಕೆ ಕಾರಣ ಇದು.

ಇಷ್ಟು ಬಿಸಿ ಹುಟ್ಟಿದರೂ ಮೈಯ ಉಷ್ಣತೆ 38.5 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲಬೇಕು. ಒಳಗಿನ ಬಿಸಿಯನ್ನು ಹೊತ್ತು ತರುವ ಕೆಲಸ ರಕ್ತದ್ದು. ಸೆಕೆಯಾದೊಡನೆ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳು ಅಗಲವಾಗಿ ರಕ್ತ ಮೈಯ ಹೊರಪದರಕ್ಕೆ ಹೆಚ್ಚು ಹರಿಯುತ್ತದೆ. ತೋಟದ ಪೈಪಿನಲ್ಲಿ ಒಂದು ಗೇಟ್‌ವಾಲ್ವ್ ಪೂರ್ತಿ ತೆರೆದರೆ ಉಳಿದ ಸಾಲುಗಳಿಗೆ ನೀರು ಕಡಿಮೆಯಾಗುವುದು ನಮಗೆ ಗೊತ್ತೇ ಉಂಟು. ಇಲ್ಲಿಯೂ ಹಾಗೆ. ಕರುಳಿಗೆ, ಗರ್ಭಕೋಶಕ್ಕೆ ಹೋಗುವ ಪಾಲು ತಗ್ಗುತ್ತದೆ. ಮೇವು ಬೇಡವಾಗುವುದು, ಗಬ್ಬ ನಿಲ್ಲದಿರುವುದು, ಇವೆಲ್ಲದರ ಹಿಂದೆ ಈ ಹಂಚಿಕೆಯೂ ಒಂದು.

ಚರ್ಮದವರೆಗೆ ಬಂದ ಬಿಸಿ ಅಲ್ಲಿಂದ ಹೊರಗೆ ಹೋಗಬೇಕಲ್ಲ? ಚರ್ಮದ ಉಷ್ಣತೆ 35-36 ಡಿಗ್ರಿ. ಹೊರಗಿನ ಗಾಳಿ 20 ಡಿಗ್ರಿ ಇದ್ದರೆ ತೊಂದರೆಯೇ ಇಲ್ಲ, ಬಿಸಿ ತಾನಾಗಿ ಗಾಳಿಗೆ ಇಳಿದುಹೋಗುತ್ತದೆ. ಎಚ್.ಎಫ್. ತಳಿ ಬೆಳೆದು ಬಂದ ಹಾಲೆಂಡ್ ಸೀಮೆಯಲ್ಲಿ ಹೆಚ್ಚಿನ ದಿನ ಹೀಗೆಯೇ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ಗಾಳಿಯೇ 33-34 ಡಿಗ್ರಿ. ಒಂದೆರಡು ಡಿಗ್ರಿಯ ಇಳಿಜಾರಿನಲ್ಲಿ ಎಷ್ಟು ಬಿಸಿ ಹರಿದೀತು? ಅದರ ಮೇಲೆ ಮಾಡಿನ ಶೀಟು ಬಿಸಿಲಿಗೆ ಕಾದು ಕೆಳಗಿದ್ದ ದನಕ್ಕೇ ಬಿಸಿ ಬೀರುತ್ತದೆ. ಉಳಿಯುವುದು ಒಂದೇ ದಾರಿ, ನೀರು ಆವಿಯಾಗುವುದು.

ದನ ಬೆವರುವುದಿಲ್ಲ ಎಂದು ಹಲವರ ನಂಬಿಕೆ. ಅದು ಸರಿಯಲ್ಲ. ಬೆವರುತ್ತದೆ, ಆದರೆ ನಮ್ಮ ಹಾಗೆ ಹನಿ ಸುರಿಯುವುದಿಲ್ಲವಾದ್ದರಿಂದ ಕಣ್ಣಿಗೆ ಕಾಣುವುದು ಕಡಿಮೆ. (ಎಮ್ಮೆಯದು ಬೇರೆ ಕತೆ. ಅದಕ್ಕೆ ಬೆವರು ಗ್ರಂಥಿ ಬಹಳ ಕಡಿಮೆ, ಹಾಗಾಗಿ ಕೆಸರು ಹುಡುಕುತ್ತದೆ.) ಚರ್ಮದ ಮೇಲೆ ಒಂದು ಲೀಟರ್ ನೀರು ಆವಿಯಾದರೆ ಸುಮಾರು 580 ಕಿಲೋ ಕ್ಯಾಲೊರಿ ಹೊತ್ತೊಯ್ಯುತ್ತದೆ. ಅಂದರೆ ಆ ದನದ ಹೆಚ್ಚುಕಡಿಮೆ ಒಂದು ಗಂಟೆಯ ಪೂರಾ ಬಿಸಿ! ಅದೇ ಒಂದು ಲೀಟರ್ ನೀರು ಮೈಮೇಲೆ ಬಿದ್ದು, 27 ಡಿಗ್ರಿಯಿಂದ 35ಕ್ಕೆ ಬಿಸಿಯಾಗಿ ನೆಲಕ್ಕೆ ಹರಿದರೆ ಹೊತ್ತೊಯ್ಯುವುದು ಬರೇ 8 ಕಿಲೋ ಕ್ಯಾಲೊರಿ. ಎಪ್ಪತ್ತು ಪಟ್ಟಿಗೂ ಹೆಚ್ಚು ಅಂತರ. ನಾವು ಬಾಲ್ದಿಗಟ್ಟಲೆ ಹೊಯ್ಯುವ ನೀರಿನಲ್ಲಿ ಬಹುಪಾಲು ಈ ಎರಡನೆಯ ಲೆಕ್ಕಕ್ಕೆ ಸೇರಿ ಗುಂಡಿಗೆ ಹೋಗುತ್ತದೆ.

ಹಾಗಾದರೆ ಒದ್ದೆ ಮಾಡಿದ ನೀರಾದರೂ ಆವಿಯಾಗುತ್ತದೆಯೇ? ನಮ್ಮ ಕರಾವಳಿಯ ಕಷ್ಟ ಇರುವುದು ಇಲ್ಲೇ. 33 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 35 ಗ್ರಾಂನಷ್ಟು ಆವಿ ಹಿಡಿದುಕೊಳ್ಳಬಲ್ಲದು. ತೇವಾಂಶ ಶೇಕಡಾ 70 ಇದ್ದರೆ ಆಗಲೇ 25 ಗ್ರಾಂ ತುಂಬಿಕೊಂಡಿದೆ. ಜಾಗ ಇರುವುದು 10 ಗ್ರಾಂಗೆ. ರಾಯಚೂರಿನಂಥ ಕಡೆ 40 ಡಿಗ್ರಿ, ತೇವಾಂಶ ಶೇಕಡಾ 20 ಇರುವ ದಿನ ಅದೇ ಒಂದು ಘನ ಮೀಟರ್ ಗಾಳಿಯಲ್ಲಿ 40 ಗ್ರಾಂನಷ್ಟು ಜಾಗ ಖಾಲಿ. ಪಶು ವಿಜ್ಞಾನಿಗಳು ಉಷ್ಣತೆ ಮತ್ತು ತೇವಾಂಶ ಎರಡನ್ನೂ ಸೇರಿಸಿ ಒಂದು ಸೂಚ್ಯಂಕ ಲೆಕ್ಕ ಹಾಕುತ್ತಾರೆ. ಅದು 72 ದಾಟಿದರೆ ಹಾಲಿನ ದನಕ್ಕೆ ಕಷ್ಟ ಶುರು ಎಂದು ಬಹುಕಾಲದಿಂದ ಬಂದ ಅಳತೆ. ನಾನು ಲೆಕ್ಕ ಹಾಕಿದ ಪ್ರಕಾರ ರಾಯಚೂರಿನ ಆ 40 ಡಿಗ್ರಿಗೆ 84 ಬರುತ್ತದೆ, ನಮ್ಮ 33 ಡಿಗ್ರಿಗೆ 86! ಇಲ್ಲಿ ರಾತ್ರಿ 26 ಡಿಗ್ರಿಗೆ ಇಳಿದು ತೇವಾಂಶ 90ಕ್ಕೆ ಏರಿದಾಗಲೂ 78. ಅಂದರೆ ಇರುಳಿನಲ್ಲೂ ಬಿಡುವಿಲ್ಲ. "ನಮ್ಮಲ್ಲಿ ಬಿಸಿಲು ಅಷ್ಟಿಲ್ಲ" ಎಂಬ ಸಮಾಧಾನ ನಮಗೆ ಇರಬಹುದು, ದನಕ್ಕೆ ಇಲ್ಲ.

ಈ ಸೂಚ್ಯಂಕದ ಲೆಕ್ಕದಲ್ಲಿ ಬಿಟ್ಟುಹೋದ ಒಂದು ಸಂಗತಿ ಗಾಳಿಯ ಓಟ. ನಮ್ಮ ಕೈಯಲ್ಲಿ ಇರುವುದೂ ಅದೇ. ಯಾವುದೇ ವಸ್ತುವಿಗೆ ತಾಗಿಕೊಂಡು ಗಾಳಿಯ ಒಂದು ತೆಳ್ಳಗಿನ ಪದರ ಅಲುಗದೆ ನಿಂತಿರುತ್ತದೆ. ದನದ ಮೈಯಲ್ಲಿ ಕೂದಲೂ ಇರುವುದರಿಂದ ಈ ಪದರ ಇನ್ನೂ ದಪ್ಪ. ಚರ್ಮದಿಂದ ಎದ್ದ ಆವಿ ಮೊದಲು ಇದರೊಳಗೆ ತುಂಬುತ್ತದೆ. ತುಂಬಿದ ಮೇಲೆ ಹೊಸ ಆವಿ ಏಳುವುದು ನಿಧಾನವಾಗುತ್ತದೆ. ಗಾಳಿ ಬೀಸಿದರೆ ಪದರ ತೆಳುವಾಗಿ ಆವಿ ಹೊರಗೆ ಹಾರುತ್ತದೆ. ಒದ್ದೆ ಅಡಿಕೆಯನ್ನು ಗಾಳಿಯಿಲ್ಲದ ಕೋಣೆಯಲ್ಲಿ ಹರಡಿದರೆ ಬೂಸ್ಟು ಹಿಡಿಯುತ್ತದೆ, ಅಂಗಳದಲ್ಲಿ ಗಾಳಿಗೆ ಹರಡಿದರೆ ಮೋಡದ ದಿನವೂ ಒಂದಿಷ್ಟು ಒಣಗುತ್ತದೆ. ವಿಷಯ ಎರಡೂ ಒಂದೇ. ಇನ್ನೊಂದು ಲೆಕ್ಕ: ಗಾಳಿಯ ವೇಗ ನಾಲ್ಕು ಪಟ್ಟಾದರೆ ಸಾಗಣೆ ಎರಡು ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ, ನಾಲ್ಕು ಪಟ್ಟಲ್ಲ. ಅಂದರೆ ನಿಂತ ಗಾಳಿಯನ್ನು ಮೊದಲ ಬಾರಿ ಅಲುಗಾಡಿಸುವುದರಲ್ಲೇ ಹೆಚ್ಚಿನ ಲಾಭ ಉಂಟು. ಬಿರುಗಾಳಿ ಎಬ್ಬಿಸುವ ದೊಡ್ಡ ಯಂತ್ರ ಬೇಕಿಲ್ಲ. ಮನೆಯ ಸಾದಾ ಫ್ಯಾನು ಸರಿಯಾದ ಕಡೆ ಇದ್ದರೆ ಸಾಕು.

ಹೀಗಾಗಿ ನಮ್ಮ ಹಟ್ಟಿಯಲ್ಲಿ ಕ್ರಮ ಇಷ್ಟು. ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ, ಪೈಪಿನಿಂದ ಬೆನ್ನು, ಪಕ್ಕೆ, ಕುತ್ತಿಗೆಗೆ ಒಂದೆರಡು ನಿಮಿಷ ನೀರು. ಕೂದಲಿನ ಬುಡ ಒದ್ದೆಯಾಗಬೇಕು, ಕೈಯಲ್ಲಿ ತಿಕ್ಕಿದರೆ ಒಳ್ಳೆಯದು. ಕೆಚ್ಚಲಿಗೆ ಇಳಿಯುವಷ್ಟು ಹೊಯ್ಯಬಾರದು, ಕೆಚ್ಚಲು ಬಾವಿಗೆ ಅದು ದಾರಿ. ನೀರು ನಿಲ್ಲಿಸಿ ಫ್ಯಾನು. ಮೈ ಆರುತ್ತ ಬಂದ ಮೇಲೆ ಪುನಃ ನೀರು. ಒಂದು ಸಲ ಒದ್ದೆ ಮಾಡಿ ಒಣಗಿಸುವುದು ಹತ್ತು ಬಾಲ್ದಿ ನೀರಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ನೀರಿನ ಖರ್ಚೂ ಕಡಿಮೆ. ಮೇ ತಿಂಗಳಲ್ಲಿ ಬಾವಿಯ ತಳ ಕಾಣುವ ನಮಗೆ ಇದೇನು ಸಣ್ಣ ಸಂಗತಿಯಲ್ಲ. ಹೊಗೆಯ ಹಾಗೆ ನೀರು ಚಿಮ್ಮಿಸುವ ಸಣ್ಣ ನಳಿಕೆಗಳನ್ನು ಈಗ ಮಾರುತ್ತಾರೆ. ಒಣ ಸೀಮೆಯಲ್ಲಿ ಅವು ಒಳ್ಳೆಯವೇ. ನಮ್ಮ ಮುಚ್ಚಿದ ಹಟ್ಟಿಯಲ್ಲಿ ಹಾಕಿದರೆ ಗಾಳಿಯಲ್ಲಿ ಉಳಿದಿದ್ದ ಹತ್ತು ಗ್ರಾಂ ಜಾಗವನ್ನೂ ಅವೇ ತುಂಬಿಸಿಬಿಡುತ್ತವೆ. ಕಿಟಕಿಗೆ ಒದ್ದೆ ಗೋಣಿ ಕಟ್ಟುವುದೂ ಇದೇ ಜಾತಿಯದ್ದು. ಬಯಲುಸೀಮೆಯ ಪುಸ್ತಕದಲ್ಲಿ ಓದಿ ಇಲ್ಲಿ ಕಟ್ಟಿದರೆ ತಂಪು ಬರುವುದಿಲ್ಲ, ಬರುವ ಗಾಳಿಯೂ ನಿಲ್ಲುತ್ತದೆ.

ಫ್ಯಾನಿಗೆ ಮೊದಲು ಗೋಡೆ ನೋಡಿ. ಮಧ್ಯಾಹ್ನ ಕಡಲ ಕಡೆಯಿಂದ ಬರುವ ಗಾಳಿಗೆ ಅಡ್ಡವಾಗಿ ಹಟ್ಟಿಯ ಪಡು ಗೋಡೆ ಮಾಡಿನವರೆಗೆ ಎದ್ದಿರುವುದನ್ನು ಬೇಕಾದಷ್ಟು ಕಡೆ ಕಂಡಿದ್ದೇನೆ. ಮಳೆಗಾಲದ ಇರಿಚಲಿಗೆ ಹೆದರಿ ಕಟ್ಟಿದ್ದು. ಮೇಲಿನ ಅರ್ಧ ತೆಗೆದು ಮಳೆಗಾಲಕ್ಕೆ ಮಡಲಿನ ತಟ್ಟಿ ಕಟ್ಟಿದರಾಯಿತು. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಮಾಡಿನ ತುದಿಯಲ್ಲಿ ಹೊರಹೋಗಲು ಸಂದು ಬೇಕು. ಶೀಟಿನ ಮೇಲೆ ಸೋಗೆ ಹೊದೆಸಿದರೆ ಶೀಟು ಬಿಸಿಲಿಗೆ ಕಾಯುವುದು ಕಡಿಮೆಯಾಗುತ್ತದೆ. ಹೇಗೂ ತೋಟದಲ್ಲಿ ಬಿದ್ದಿರುತ್ತದೆ.

ಕುಡಿಯುವ ನೀರಿನ ಬಗ್ಗೆ. ಇಂಥ ದನ ಬೇಸಿಗೆಯಲ್ಲಿ ದಿನಕ್ಕೆ 60 ಲೀಟರ್ ಕುಡಿದರೂ ಆಶ್ಚರ್ಯವಿಲ್ಲ. 25 ಡಿಗ್ರಿಯ ಆ ನೀರು ಹೊಟ್ಟೆಯಲ್ಲಿ 38.5ಕ್ಕೆ ಏರುವಾಗಲೇ 800 ಕಿಲೋ ಕ್ಯಾಲೊರಿ ಹೀರುತ್ತದೆ. ಬಿಸಿಲಿನಲ್ಲಿಟ್ಟ ಕಪ್ಪು ಟಾಂಕಿಯ ನೀರಾದರೆ ಈ ಲಾಭ ಇಲ್ಲ. ಮರಿಗೆಯನ್ನು ನೆರಳಿನಲ್ಲಿಡಿ, ಇಡೀ ದಿನ ನೀರು ಇರಲಿ, ರಾತ್ರಿಯೂ. ಬೆವರಿನಲ್ಲಿ, ಸೋರುವ ಜೊಲ್ಲಿನಲ್ಲಿ ಲವಣಗಳು ಹೋಗುವುದರಿಂದ ಉಪ್ಪು, ಖನಿಜ ಮಿಶ್ರಣ ತಪ್ಪಿಸಬಾರದು. ಬೈಹುಲ್ಲಿನಂಥ ಒರಟು ಮೇವು ತಿಂದ ಮೇಲಿನ ಕೆಲವು ಗಂಟೆಗಳಲ್ಲಿ ಹೊಟ್ಟೆಯ ಬಿಸಿ ಏರುತ್ತದೆ. ಬೆಳಗ್ಗೆ ಹತ್ತಕ್ಕೆ ಹುಲ್ಲು ಹಾಕಿದರೆ ಸೆಕೆಯ ಹೊತ್ತಿಗೇ ಒಲೆಗೆ ಕಟ್ಟಿಗೆ ತುರುಕಿದ ಹಾಗಾಯಿತು. ದೊಡ್ಡ ಪಾಲನ್ನು ಸಂಜೆಯ ನಂತರ ಹಾಕಿ, ಇನ್ನೊಂದು ಪಾಲು ನಸುಕಿಗೆ.

ಇನ್ನು ಏದುಸಿರು. ಅದು ರೋಗವಲ್ಲ, ತಂಪಾಗುವ ಇನ್ನೊಂದು ದಾರಿ. ಮೂಗು, ಗಂಟಲಿನ ಒದ್ದೆ ಪೊರೆಯ ಮೇಲೆ ಗಾಳಿ ಓಡಾಡಿ ನೀರು ಆವಿಯಾಗುತ್ತದೆ. ಮೂಗಿನಲ್ಲಿ ತಣ್ಣಗಾದ ರಕ್ತ ಹಿಂದಿರುಗುವ ದಾರಿಯಲ್ಲಿ, ಮೆದುಳಿಗೆ ಹೋಗುವ ಬಿಸಿ ರಕ್ತದ ನಾಳಗಳು ಸಣ್ಣ ಬಲೆಯಾಗಿ ಅದರೊಳಗೆ ಹಾದುಹೋಗುತ್ತವೆ. ಮೆದುಳಿನ ರಕ್ತ ಅಲ್ಲಿಯೇ ಒಂದಿಷ್ಟು ತಣಿಯುತ್ತದೆ. ಎಂಥ ಏರ್ಪಾಡು ನೋಡಿ! ಆದರೆ ಏದುಸಿರಿಗೂ ಮೈಯ ಶಕ್ತಿ ಖರ್ಚಾಗುತ್ತದೆ, ರಕ್ತದ ಆಮ್ಲ-ಕ್ಷಾರದ ಹದವೂ ಕೆಡುತ್ತದೆ. ಹಾಗಾಗಿ ಉಸಿರನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ದನದಿಂದ ಸ್ವಲ್ಪ ದೂರ ನಿಂತು ಪಕ್ಕೆ ಏರಿಳಿಯುವುದನ್ನು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. 40ರ ಒಳಗಿದ್ದರೆ ಚಿಂತೆಯಿಲ್ಲ. 60 ದಾಟಿದರೆ ದನಕ್ಕೆ ಸೆಕೆ ತಟ್ಟಿದೆ, 80 ದಾಟಿದರೆ ಕೂಡಲೇ ನೀರು-ಗಾಳಿ. ಬಾಯಿ ತೆರೆದು, ನಾಲಗೆ ಹೊರಚಾಚಿ ಜೊಲ್ಲು ಸುರಿಸುತ್ತಿದ್ದರೆ, ಥರ್ಮಾಮೀಟರ್ 41 ತೋರಿಸಿದರೆ ಡಾಕ್ಟರಿಗೆ ಫೋನು ಮಾಡಿ, ಅವರು ಬರುವವರೆಗೆ ನೀರು-ಗಾಳಿ ನಿಲ್ಲಿಸಬೇಡಿ. ನಾನು ಮಧ್ಯಾಹ್ನದ ಎಣಿಕೆಗಿಂತ ನಸುಕಿನ ಎಣಿಕೆಗೆ ಹೆಚ್ಚು ಬೆಲೆ ಕೊಡುತ್ತೇನೆ. ಹಾಲು ಕರೆಯುವ ಮೊದಲೂ ಉಸಿರು 60ರ ಮೇಲೆ ಇದ್ದರೆ, ಹಗಲು ಕೂಡಿಟ್ಟ ಬಿಸಿ ರಾತ್ರಿ ಹೊರಬಿದ್ದಿಲ್ಲ ಎಂದರ್ಥ. ಅಂಥ ದನಕ್ಕೆ ರಾತ್ರಿಯೂ ಫ್ಯಾನು ಬೇಕು.

ಮಲೆನಾಡು ಗಿಡ್ಡ ಸಾಕುವವರು ಇದನ್ನೆಲ್ಲ ಓದಿ ನಗಬಹುದು. ನಗಲಿ. ನೂರು ಕಿಲೋ ದನಕ್ಕಿಂತ ನಾನೂರು ಕಿಲೋ ದನಕ್ಕೆ ಮೈ ನಾಲ್ಕು ಪಟ್ಟು, ಚರ್ಮ ಎರಡೂವರೆ ಪಟ್ಟು ಮಾತ್ರ. ಗಿಡ್ಡದ ಒಲೆಯೂ ಸಣ್ಣದು, ಕೂದಲು ಗಿಡ್ಡ, ಬೆವರು ಚೆನ್ನಾಗಿ ಬರುತ್ತದೆ. ಗಂಗೆದೊಗಲಿನಿಂದಲೇ ನಾಡ ದನಕ್ಕೆ ತಂಪು ಎಂದು ಹೇಳುವುದುಂಟು. ಕೆಂಪು ಸಿಂಧಿ ದನಗಳಲ್ಲಿ ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ನೋಡಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಿಶ್ರತಳಿಯೇ ಬೇಕೆನ್ನುವವರು ನಮ್ಮ ಕಡೆಗೆ ಎಚ್.ಎಫ್.ಗಿಂತ ಜೆರ್ಸಿ ರಕ್ತದ್ದನ್ನು ನೋಡುವುದು ಮೇಲು ಎಂದು ನನ್ನ ಅಭಿಪ್ರಾಯ. ಮೈ ಸಣ್ಣದು, ಸೆಕೆಗೆ ತುಸು ಹೆಚ್ಚು ತಡೆಯುತ್ತದೆ.

ಫ್ಯಾನು ಹಾಕುವವರಿಗೆ ಒಂದು ಮಾತು. ಒದ್ದೆ ನೆಲದಲ್ಲಿ ನಾಲ್ಕು ಕಾಲೂರಿ ನಿಂತ ದನಕ್ಕೆ, ಚಪ್ಪಲಿ ಹಾಕಿದ ನಮಗೆ ಗೊತ್ತೇ ಆಗದಷ್ಟು ಸಣ್ಣ ಕರೆಂಟೂ ತಾಗುತ್ತದೆ. ವಯರು ದನದ ಬಾಯಿಗೆ, ಕೊಂಬಿಗೆ ಸಿಗದ ಎತ್ತರದಲ್ಲಿ ಪೈಪಿನೊಳಗೆ ಹೋಗಲಿ, ಫ್ಯಾನಿನ ಮೈಗೆ ಸರಿಯಾದ ಅರ್ತಿಂಗ್ ಇರಲಿ, ಸೋರಿಕೆಯಾದರೆ ತಾನೇ ಕಟ್ಟಾಗುವ ಸ್ವಿಚ್ಚು ಹಟ್ಟಿಯ ಲೈನಿಗೆ ಬೇರೆಯೇ ಹಾಕಿಸಿ.