ಮನೆಯ ಲೆಕ್ಕ ನಿನಗೂ ಗೊತ್ತಿರಲಿ

ಮಗೂ, ಕೆಲಸ ಸಿಗಲಿಲ್ಲವೆಂದು ನಿನ್ನನ್ನು ಬಯ್ಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅದಕ್ಕೆ ಬೇಕಾದಷ್ಟು ಜನ ಇದ್ದಾರೆ. ಮದುವೆಮನೆಯ ಪಂಕ್ತಿಯಲ್ಲಿ ಕೂತರೂ ‘ಈಗೇನು ಮಾಡ್ಕೊಂಡಿದ್ದೀಯಪ್ಪಾ’ ಎಂದು ಪಕ್ಕದ ಎಲೆಯವರು ಕೇಳುತ್ತಾರೆ. ಆ ಪ್ರಶ್ನೆಗೆ ಅಂಜಿ ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟ ಹುಡುಗ ಹುಡುಗಿಯರು ನನ್ನ ಬಳಗದಲ್ಲೇ ಇದ್ದಾರೆ. ಡಿಗ್ರಿ ಆಗಿ ವರ್ಷಗಳಾದವು, ವಯಸ್ಸು 27 ದಾಟಿತು, ಊಟ ಇನ್ನೂ ಅಪ್ಪನ ಪಿಂಚಣಿಯಲ್ಲಿ. ನಿನ್ನ ಸಂಕಟ ಸಣ್ಣದಲ್ಲ. ಆದರೂ ಒಂದು ಮಾತು ಕೇಳಲೇಬೇಕು: ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ನಿನಗೆ ಗೊತ್ತೇ?

ದಾವಣಗೆರೆಯಲ್ಲಿ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ನಿವೃತ್ತನಾದವನು ನಾನು. ಎಫ್‌ಡಿ ಮುರಿಸಲು ಬರುವ ಅಪ್ಪಂದಿರನ್ನೂ ಕೈಬಳೆ ಅಡವಿಡಲು ಬರುವ ಅಮ್ಮಂದಿರನ್ನೂ ಬಹಳ ಕಂಡಿದ್ದೇನೆ. ಯಾಕೆಂದು ಕೇಳಿದರೆ ಧಾರವಾಡದಲ್ಲಿ ಮಗನ ಕೋಚಿಂಗ್ ಫೀಸು, ಮಗಳ ಪಿಜಿ ಬಾಡಿಗೆ. ‘ಅವನಿಗೆ ಗೊತ್ತಾಗೋದು ಬೇಡ ಸಾರ್, ಓದೋ ಹುಡುಗ’ ಎನ್ನುತ್ತಿದ್ದರು. ಮನೆಯಲ್ಲಿ ನಿನಗೆ ಹೇಳುವುದೂ ಅದನ್ನೇ: ದುಡ್ಡಿನ ಚಿಂತೆ ನಿನಗೆ ಬೇಡ, ನೀನು ಓದು. ಆ ಮಾತು ಪ್ರೀತಿಯಿಂದಲೇ ಬಂದದ್ದು. ಆದರೆ ಅದನ್ನು ನಂಬಿಕೊಂಡು ಕೂರಬೇಡ.

ಖಾಸಗಿ ಕಾರ್ಖಾನೆಯಿಂದಲೋ ಕಂಪನಿಯಿಂದಲೋ ನಿವೃತ್ತರಾದವರಿಗೆ ಬರುವುದು ಇಪಿಎಸ್ ಪಿಂಚಣಿ. 2014ರ ಸೆಪ್ಟೆಂಬರಿನಿಂದ ಅದರ ಕನಿಷ್ಠ ಮೊತ್ತ 1,000 ರೂಪಾಯಿ. ಸಂಬಳ ಎಷ್ಟೇ ಇದ್ದಿರಲಿ, ಸಾಮಾನ್ಯವಾಗಿ 15,000ದವರೆಗಿನದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಸರ್ಕಾರಿ ಪಿಂಚಣಿಯ ಹಾಗೆ ತುಟ್ಟಿಭತ್ಯೆ ಸೇರುವುದಿಲ್ಲ. ಅಕ್ಕಿ, ಎಣ್ಣೆ, ಬಿಪಿ ಮಾತ್ರೆಯ ಬೆಲೆ ಏರಿದರೂ ಅದು ಇದ್ದಲ್ಲೇ ಇರುತ್ತದೆ. ಅಮ್ಮನಿಗೆ ಗೃಹಲಕ್ಷ್ಮಿಯ 2,000 ಬಂದರೆ ಅದೂ ಈ ಖರ್ಚಿನೊಳಗೇ ಕರಗುತ್ತದೆ. ಉಳಿದ ಕೊರತೆಯನ್ನು ತುಂಬುವುದು ನಿವೃತ್ತಿಯಲ್ಲಿ ಬಂದ ಪಿಎಫ್ ಇಡುಗಂಟು. ಅದು ಅವರ ಮುಪ್ಪಿನ ಆಸ್ಪತ್ರೆ ಖರ್ಚಿಗೆ ಇಟ್ಟ ದುಡ್ಡು, ನೆನಪಿರಲಿ.

ಹಾಗಾಗಿ ಈ ವಾರ ಅಪ್ಪ ಅಮ್ಮ ಇಬ್ಬರನ್ನೂ ಕೂರಿಸಿಕೊಂಡು ಕೇಳು. ಮೊದಲ ಸಲ ಅಪ್ಪ ಹೇಳುವುದಿಲ್ಲ, ‘ಎಲ್ಲಾ ಇದೆ ಬಿಡು’ ಎನ್ನುತ್ತಾರೆ. ಇನ್ನೊಮ್ಮೆ ಕೇಳು. ಪಾಸ್‌ಬುಕ್ಕು, ಎಫ್‌ಡಿ ರಸೀದಿ, ಅಡವಿನ ಚೀಟಿ ಎಲ್ಲವನ್ನೂ ಒಂದು ಕಡೆ ಇಟ್ಟು ಬರೆದುಕೋ. ಎಫ್‌ಡಿಯನ್ನು ಅವಧಿಗೆ ಮುಂಚೆ ಮುರಿಸಿದರೆ ಬಡ್ಡಿ ಕಡಿಮೆಯಾಗುತ್ತದೆ, ಸಾಮಾನ್ಯವಾಗಿ ಅದರ ಮೇಲೊಂದಿಷ್ಟು ದಂಡವೂ ಬೀಳುತ್ತದೆ. ಸ್ವಲ್ಪ ದಿನದ ಅಡಚಣೆಗಾದರೆ ಮುರಿಸುವುದಕ್ಕಿಂತ ಅದರ ಮೇಲೆ ಸಾಲ ತೆಗೆಯುವುದು ವಾಸಿ. ಒಡವೆ ಸಾಲದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬರೀ ಬಡ್ಡಿ ಕಟ್ಟಿ ವರ್ಷ ವರ್ಷ ಮುಂದೆ ಹಾಕುತ್ತಾ ಹೋದವರ ಒಡವೆ ಕೊನೆಗೆ ಪೇಪರಿನ ಹರಾಜು ನೋಟಿಸಿಗೆ ಬಂದದ್ದನ್ನು ನೋಡಿದ್ದೇನೆ.

ಓದಿಗೆ ಸಾಲ ಮಾಡಿದ್ದರೆ ಇದನ್ನು ಗಮನವಿಟ್ಟು ಓದು. ಶಿಕ್ಷಣ ಸಾಲದಲ್ಲಿ ಅಪ್ಪನೋ ಅಮ್ಮನೋ ಸಹ-ಸಾಲಗಾರರಾಗಿ ಸಹಿ ಹಾಕಿರುತ್ತಾರೆ. ಕೋರ್ಸು ಮುಗಿದು ಒಂದು ವರ್ಷದ ನಂತರ, ಕೆಲಸ ಸಿಕ್ಕಿರಲಿ ಬಿಡಲಿ, ಸಾಮಾನ್ಯವಾಗಿ ಕಂತು ಶುರು. ಬಾಕಿ 90 ದಿನ ದಾಟಿತೆಂದರೆ ಬ್ಯಾಂಕಿನ ಲೆಕ್ಕದಲ್ಲಿ ಅದು ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಸಿಬಿಲ್ ಸ್ಕೋರ್ ಬೀಳುವುದು ನಿನ್ನದಷ್ಟೇ ಅಲ್ಲ, ಅವರದ್ದೂ. ನಾಚಿಕೆಯಿಂದ ಬ್ಯಾಂಕಿನ ಫೋನ್ ಎತ್ತದೆ ಕೂರಬೇಡ. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ, ಕೆಲಸವಿಲ್ಲದ ಅವಧಿಯಲ್ಲಿ ಕಂತಿಗೆ ವಿರಾಮ ಕೊಡುವ ಅವಕಾಶವಿದೆ. ಅದು ತಾನಾಗಿ ಸಿಗುವುದಿಲ್ಲ, ಬರೆದು ಕೇಳಬೇಕು. ಬಾಕಿ ಬೀಳುವ ಮುಂಚೆ ಮ್ಯಾನೇಜರ್ ಎದುರಿಗೆ ಹೋಗಿ ಕೂತು, ಅರ್ಜಿ ಕೊಟ್ಟು, ಸ್ವೀಕೃತಿಗೆ ಸೀಲು ಹಾಕಿಸಿಕೊಂಡು ಬಾ.

ಯುವನಿಧಿಗೆ ಅರ್ಹತೆ ಇದ್ದರೆ ಹಿಂಜರಿಯದೆ ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕು. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಹೆಚ್ಚೆಂದರೆ ಎರಡು ವರ್ಷ. ಬಂದದ್ದನ್ನು ಅಮ್ಮನ ಕೈಗೆ ಕೊಡು.

ನೀನು ಹೆಣ್ಣುಮಗಳಾದರೆ ನಿನಗೆ ಬೇರೆಯದೇ ಕಷ್ಟ. ಮನೆಯಲ್ಲಿದ್ದಾಳಲ್ಲ ಎಂದು ಅಡಿಗೆ, ಅಜ್ಜಿಯ ಆರೈಕೆ, ಅಣ್ಣನ ಮಕ್ಕಳ ಹೋಂವರ್ಕ್ ಎಲ್ಲವೂ ನಿನ್ನ ತಲೆಗೆ ಬರುತ್ತದೆ. ಸಂಜೆಗೆ ‘ಓದಿದ್ದೇನು?’ ಎಂಬ ಪ್ರಶ್ನೆ, ಅದರ ಹಿಂದೆಯೇ ಗಂಡು ನೋಡುವ ಮಾತು. ಮನೆಯ ಲೆಕ್ಕಕ್ಕೆ ಕೂತಾಗ ಈ ದುಡಿಮೆಯನ್ನೂ ಬರೆಸು. ಗಂಡುಮಗನಾದರೆ ಆ ಕೆಲಸದಲ್ಲಿ ನಿನ್ನ ಪಾಲು ಎಷ್ಟೆಂದು ನೀನೇ ಕೇಳಿಕೋ.

ಪರೀಕ್ಷೆಯ ಮಾತಿಗೆ ಬರುತ್ತೇನೆ. ತಡವಾದದ್ದೆಲ್ಲ ನಿನ್ನ ತಪ್ಪಲ್ಲ, ಇದನ್ನು ನಿನ್ನ ಅಪ್ಪ ಅಮ್ಮನೂ ತಿಳಿಯಬೇಕು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಿಯತ್ತಾಗಿ ಓದಿದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಹೋಯಿತು. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯನ್ನು 2024ರಲ್ಲಿ ಎರಡು ಸಲ ಬರೆಯಬೇಕಾಯಿತು, ಕನ್ನಡ ಪ್ರಶ್ನೆಗಳಲ್ಲೇ ತಪ್ಪುಗಳಿದ್ದವು. ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಆದರೆ ವ್ಯವಸ್ಥೆ ತಡಮಾಡುತ್ತದೆ ಎಂದು ಗೊತ್ತಿದ್ದ ಮೇಲೆ ನಿನ್ನ ಬದುಕು ಪೂರ್ತಿ ಅದರ ಕೈಯಲ್ಲಿರಬಾರದು. ಇನ್ನೆಷ್ಟು ನೋಟಿಫಿಕೇಶನ್, ಎಷ್ಟು ಕಾಲ ಎಂಬುದನ್ನು ಅಪ್ಪ ಅಮ್ಮನ ಜೊತೆ ಕೂತೇ ತೀರ್ಮಾನಿಸು. ಕ್ಯಾಲೆಂಡರಿನಲ್ಲಿ ದಿನ ಗುರುತು ಮಾಡು. ಅಲ್ಲಿಯವರೆಗೂ ಕೈ ಖಾಲಿ ಇರುವುದು ಬೇಡ. ಬೆಳಿಗ್ಗೆ ಓದು; ಸಂಜೆ ನಾಲ್ಕು ಮಕ್ಕಳಿಗೆ ಟ್ಯೂಷನ್ನೋ ಅಂಗಡಿಯ ಲೆಕ್ಕವೋ ಆಗಲಿ. ನಿನ್ನ ಮೊಬೈಲ್ ರೀಚಾರ್ಜು, ಅರ್ಜಿ ಶುಲ್ಕ, ಬಸ್ ಚಾರ್ಜು ಅದರಲ್ಲೇ ನಡೆದರೂ ಇಡುಗಂಟಿನ ಮೇಲಿನ ಭಾರ ಅಷ್ಟು ಇಳಿಯಿತು.

ಗುರುತು ಮಾಡಿದ ದಿನ ಬಂದು, ಕೆಲಸ ಬರದಿದ್ದರೆ ಕೈಕಸುಬಿಗೆ ಇಳಿಯಲು ಸಂಕೋಚಪಡಬೇಡ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಎರಡು ಬ್ಯಾಂಕುಗಳ ಜೊತೆ ಸೇರಿ ರುಡ್‌ಸೆಟ್ ಆರಂಭಿಸಿದರು. ಅದೇ ಮಾದರಿಯ ತರಬೇತಿ ಕೇಂದ್ರಗಳು ಈಗ ಜಿಲ್ಲೆ ಜಿಲ್ಲೆಯಲ್ಲಿವೆ. ಮೋಟಾರ್ ರಿವೈಂಡಿಂಗ್, ಫ್ರಿಜ್ ಮತ್ತು ಎಸಿ ರಿಪೇರಿ, ಹೊಲಿಗೆ, ಹೈನುಗಾರಿಕೆ ಕಲಿಸುತ್ತಾರೆ. ಮುಗಿಸಿದ ಮೇಲೆ ಬ್ಯಾಂಕ್ ಸಾಲಕ್ಕೂ ದಾರಿ ತೋರಿಸುತ್ತಾರೆ. ಅರ್ಜಿ ಕೊಡಲು ಹೋಗುವಾಗ ಅಪ್ಪನನ್ನೂ ಕರೆದುಕೊಂಡು ಹೋಗು. ಊಟ, ವಸತಿ, ಕಲಿಕೆ ಯಾವುದಕ್ಕೂ ದುಡ್ಡು ಕಟ್ಟಬೇಕಿಲ್ಲ ಎಂಬುದನ್ನು ಅವರೂ ಅಲ್ಲಿಯವರ ಬಾಯಿಂದಲೇ ಕೇಳಲಿ.